ಕಟ್ಟಿದ ಕೈಗಳು

ಬೆಳಿಗ್ಗೆ ಆರೂವರೆಯ ಬಸ್ಸಿಗೆ ಸೌಜನ್ಯ ಚಿಂತಾಮಣಿಗೆ ಹೊರಟುಹೋದ ಮೇಲೆ ಮುರಳಿಮೋಹನ್ ಒಂದು ಗಂಟೆ ಹೊತ್ತು ಜಗಲಿ ಬಿಟ್ಟು ಏಳಲಿಲ್ಲ. ಒಳಗೆ ಅಮ್ಮ ಇದ್ದಳು. ಒಳಗೆ ವಾಸನೆ ಇತ್ತು. ಇವೆರಡನ್ನೂ ಬೇರೆ ಬೇರೆಯಾಗಿ ಯೋಚಿಸಲು ತನಗೆ ಯಾವತ್ತಿನಿಂದ ಆಗದೆ ಹೋಯಿತೆಂದು ಅವನಿಗೆ ನೆನಪಾಗಲಿಲ್ಲ. ಹೆಂಡತಿ ಎಂಟು ತಿಂಗಳಲ್ಲಿ ಮೊದಲ ಸಲ ತಮ್ಮ ಊರು ಮೇಲೂರನ್ನು ದಾಟಿದ್ದಳು, ಅದೂ ಅಕ್ಕನ ಮಗಳ ಸೀಮಂತಕ್ಕೆ, ಸಂಜೆಯೊಳಗೆ ಬಂದುಬಿಡುತ್ತೇನೆಂದು ಮೂರು ಸಲ ಹೇಳಿ. "ಎರಡು ಗಂಟೆಗೊಂದ್ಸಲ ಪೈಪಿಗೆ ಗಂಜಿ ಹಾಕ್ರಿ. ಶೋಧಿಸಿ ಹಾಕ್ರಿ, ಇಲ್ಲಾಂದ್ರೆ ಕಟ್ಕೊಳ್ತದೆ. ಗಾಯದ ತಂಟೆಗೆ ನೀವು ಹೋಗ್ಬೇಡಿ, ಹನ್ನೊಂದು ಗಂಟೆಗೆ ಕವಿತ ಬರ್ತಾಳೆ," ಅಂದಿದ್ದಳು. ಕೊನೆಯ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ಚೆನ್ನಾಗಿತ್ತು, ರೇಗಬಹುದಿತ್ತು. ಇವನ ಕೈಲಿ ಅದು ಆಗುವುದಿಲ್ಲವೆಂಬುದು ಅವಳಿಗೆ ಹೇಳಿ ಪ್ರಯೋಜನವಿಲ್ಲದ, ಒಪ್ಪಿಕೊಂಡು ಮರೆತ ಸಂಗತಿಯಾಗಿಬಿಟ್ಟಿತ್ತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕೂತವನು, ನಾಲ್ಕು ಜನರಿಂದ ಸಾರ್ ಎನ್ನಿಸಿಕೊಳ್ಳುವವನು, ತನ್ನ ಮನೆಯ ಹೊಸಿಲು ದಾಟಲು ಹೆದರಿ ಬೆಳಗಿನ ಬಿಸಿಲು ಕಾಯಿಸಿಕೊಳ್ಳುವವನ ಹಾಗೆ ನಟಿಸುತ್ತ ಕೂತಿದ್ದ.

ಏಳೂವರೆಗೆ ಎದ್ದು ಗಂಜಿ ಶೋಧಿಸಿದ. ಅಮ್ಮನ ಕೋಣೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿಯುವುದು ಅಭ್ಯಾಸವಾಗಿತ್ತು. ನಲವತ್ತರವರೆಗೆ ಎಣಿಸುವಷ್ಟು ಹೊತ್ತು ತಡೆಯಬಲ್ಲ. ಆಮೇಲೆ ಬಾಯಲ್ಲಿ ಉಸಿರಾಡಬೇಕು, ಆಗ ಅದು ನಾಲಿಗೆಯ ಮೇಲೆ ಕೂರುತ್ತಿತ್ತು. ವಾಸನೆಗೆ ಹೆದರುವ ಜನ ತಾವಲ್ಲ ಎಂದು ಅವನು ಎಷ್ಟು ಸಲ ಜಂಬ ಕೊಚ್ಚಿಕೊಂಡಿದ್ದ! ನೂಲು ತೆಗೆಯುವ ಮನೆಗಳ ಹಿಂದೆ ಬೆಂದ ಹುಳುವಿನ ರಾಶಿ ಬಿದ್ದು ನಾರುವಾಗ ಬೆಂಗಳೂರಿನಿಂದ ಬಂದ ಅಧಿಕಾರಿಗಳು ಕರ್ಚೀಫು ತೆಗೆದರೆ, "ಇದು ನಮ್ಮ ಅನ್ನದ ವಾಸನೆ ಸಾರ್," ಎಂದು ನಗುತ್ತಿದ್ದ. ಅದು ಬೇರೆ ಯಾರದೋ ಅನ್ನವಾಗಿತ್ತೇನೋ. ಇಲ್ಲಿ ಮಂಚದ ಮೇಲೆ ಅಮ್ಮ, ಅಕ್ಕಯ್ಯಮ್ಮ, ಎಡಗೆನ್ನೆ ಇರಬೇಕಾದ ಜಾಗದಲ್ಲಿ ಹತ್ತಿಬಟ್ಟೆಯ ಮೆತ್ತೆ ಅಂಟಿಸಿಕೊಂಡು ಮಲಗಿದ್ದಳು. ಮೆತ್ತೆಯ ಅಂಚು ಹಳದಿಯಾಗಿ ಒದ್ದೆಯಾಗಿತ್ತು. ಮೂಗಿನ ಹೊಳ್ಳೆಯಿಂದ ಹೊರಬಂದ ಸಣ್ಣ ಪೈಪು ಹಣೆಗೆ ಅಂಟಿತ್ತು. ಎರಡು ಕೈಗಳನ್ನೂ ಅವಳದೇ ಹಳೆಯ ಸೀರೆ ಹರಿದು ಮಾಡಿದ ಪಟ್ಟಿಗಳಿಂದ ಮಂಚದ ಕಂಬಿಗೆ ಕಟ್ಟಿತ್ತು. ಕಟ್ಟಿತ್ತು ಎಂದು ಯೋಚಿಸುವುದು ಸುಲಭವಾಗಿತ್ತು. ಕಟ್ಟಿದವನು ಅವನೇ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬಾಯಿಯ ಕ್ಯಾನ್ಸರಿಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದ್ದಾಯಿತು. ಇನ್ನು ನಮ್ಮ ಕೈಲಿಲ್ಲ, ಮನೆಯಲ್ಲಿ ನೋವಿಲ್ಲದ ಹಾಗೆ ನೋಡಿಕೊಳ್ಳಿ ಎಂದು ಅವರು ಕಳಿಸಿ ಮೂರು ತಿಂಗಳಾಗಿತ್ತು. ಹೋದ ಶುಕ್ರವಾರ ಅಣ್ಣ ಮೋಹನ್‌ಬಾಬು ಕಾರು ತಂದು, ಅಮ್ಮ ತಿನ್ನುವುದು ನಿಂತಿದೆ ಎಂದು ಇವನಿಂದ ಕೇಳಿದ ಕೂಡಲೆ ಚಿಕ್ಕಬಳ್ಳಾಪುರದ ಯಾವುದೋ ನರ್ಸಿಂಗ್ ಹೋಮಿಗೆ ಹೊತ್ತುಕೊಂಡು ಹೋಗಿ ಪೈಪು ಹಾಕಿಸಿ ತಂದ. "ಹೊಟ್ಟೆಗಿಲ್ದೆ ಸಾಯಿಸಿದ್ರು ಅಂತ ನಾಳೆ ಜನ ಆಡ್ಕೋಬಾರ್ದು ಕಣೋ," ಅಂದ. ಆ ರಾತ್ರಿಯೇ ಅಮ್ಮ ಅದನ್ನು ಕಿತ್ತೆಸೆದಳು, ಮೂಗಿನಿಂದ ರಕ್ತ ಬಂತು. ಶನಿವಾರ ಮತ್ತೆ ಹಾಕಿಸಿದಾಗ ಅಲ್ಲಿನವರು ಕೈ ಕಟ್ಟಿ ಎಂದರು, ಇವನು ಕಟ್ಟಿದ. ಗಂಟು ಹಾಕುವಾಗ ಅಮ್ಮ ಇವನನ್ನೇ ನೋಡುತ್ತಿದ್ದಳು. ಜಾಸ್ತಿ ಬಿಗಿಯಿಲ್ಲ ಅಲ್ವೇನಮ್ಮ ಎಂದು ಕೇಳಿದ್ದ, ಬಳೆಗಾರನ ಹಾಗೆ.

ಸಿರಿಂಜಿನಲ್ಲಿ ಗಂಜಿ ಇಳಿಯತೊಡಗಿತು. ಅಮ್ಮ ಬಾಯಿ ಅಲುಗಿಸಿದಳು. "ಇಚ್ಚು," ಅಂದಳು. ಮೂವತ್ತೊಂದು, ಮೂವತ್ತೆರಡು, ಅವನು ಎಣಿಸುತ್ತಿದ್ದ. "ಇಚ್ಚು." ಐದು ದಿನದಿಂದ ಅದೊಂದೇ ಮಾತು. ಏನೋ ಕೇಳ್ತಾರೆ ಕಣ್ರಿ, ತಿಳೀತಿಲ್ಲ ಎಂದು ಮೊದಲ ದಿನ ಸೌಜನ್ಯ ಒದ್ದಾಡಿದಾಗ ಇವನೇ, "ನೀರು ಕೇಳ್ತಿದಾಳೆ," ಎಂದಿದ್ದ. ಅಂದಿನಿಂದ ಅಮ್ಮ ಇಚ್ಚು ಎಂದಾಗಲೆಲ್ಲ ಪೈಪಿನಲ್ಲಿ ನೀರು ಇಳಿಯುತ್ತಿತ್ತು. ಈಗಲೂ ಇಳಿಸಿದ. ಇನ್ನೊಂದು ಸಿರಿಂಜು ನೀರು. ಅಮ್ಮ ಕಣ್ಣು ಮುಚ್ಚಿಕೊಂಡಳು. ಹೊರಗೆ ಬಂದು ಅವನು ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡ. ಆಮೇಲೆ ಯಾರಾದರೂ ನೋಡಿದರೋ ಎಂದು ಬೀದಿಯ ಕಡೆ ತಿರುಗಿದ.

ಬೀದಿಯಲ್ಲಿ ಕೋನಪ್ಪಮಾಮ ಬರುತ್ತಿದ್ದರು. ಅಮ್ಮನ ಒಡಹುಟ್ಟಿದ ತಮ್ಮ. ತೊಂಡೇಬಾವಿಯಿಂದ ಬೆಳಿಗ್ಗೆಯೇ ಹೊರಟು, ಹೆಂಡತಿಯನ್ನೂ ಅರ್ಧ ಡಜನ್ ಕಿತ್ತಳೆಯನ್ನೂ ಕರೆದುಕೊಂಡು ಬಂದಿದ್ದರು. ಕಿತ್ತಳೆ! ಅಮ್ಮನಿಗೆ ಅಗಿಯಲು ಆಗುವುದಿಲ್ಲ. ಅತ್ತೆ ಕೋಣೆಯ ಬಾಗಿಲಲ್ಲೇ ಸೆರಗು ಮೂಗಿಗೆ ಒತ್ತಿಕೊಂಡಳು. ಮಾಮ ಟವೆಲನ್ನು ಅಳುವವರ ಹಾಗೆ ಮುಖಕ್ಕೆ ಹಿಡಿದರು. ಅದು ಅಳುವುದಕ್ಕಲ್ಲ ಎಂದು ಮುರಳಿಗೆ ತಿಳಿಯಿತು, ಅವನೂ ಹಾಗೇ ಹಿಡಿದದ್ದುಂಟು. "ಏಮಿ ಗತಿ ಒಚ್ಚಿಂದಿ ಅಕ್ಕಾ ನೀಕು," ಎಂದು ತೆಲುಗಿನಲ್ಲಿ, ಎಂಥ ಗತಿ ಬಂತೆಂದು ರಾಗ ಎಳೆದವರು ಅಷ್ಟೇ ಸಲೀಸಾಗಿ ಕನ್ನಡಕ್ಕೆ ಬಂದು, ಮಂಚದ ಮೇಲಿಂದ ಇವನ ಕಡೆ ಬಾಗಿ, "ಇನ್ನೂ ಎಷ್ಟು ದಿನ ಅಂತಾರಪ್ಪ ಡಾಕ್ಟ್ರು? ನಮ್ಮನೇಲಿ ಮುಂದಿನ ತಿಂಗಳು ಗೃಹಪ್ರವೇಶ ಇಟ್ಕೊಂಡಿದೀವಿ. ಸೂತಕ ಬಂದ್ರೆ ಅಂತ," ಅಂದರು. ಅಮ್ಮನ ಕಿವಿ ಚೆನ್ನಾಗಿತ್ತು. ಯಾವ ರೋಗವೂ ಅದನ್ನು ಮುಟ್ಟಿರಲಿಲ್ಲ. "ಹೇಳಕ್ಕಾಗಲ್ಲ ಮಾಮ," ಎಂದ ಮುರಳಿ, ತಪ್ಪು ತನ್ನದೆಂಬ ದನಿಯಲ್ಲಿ. "ಇಚ್ಚು," ಅಂದಳು ಅಮ್ಮ, ತಮ್ಮನ ಕಡೆ ತಿರುಗಿ, ಹೊಸಬನಿಗಾದರೂ ತಿಳಿಯಬಹುದೇನೋ ಎಂಬ ಹಾಗೆ. "ಏನಂತಾಳೆ ಅಕ್ಕ?" "ನೀರು," ಎಂದ ಮುರಳಿ. ಯೋಚಿಸದೆಯೇ ಬಂದ ಮಾತು. ಕಾಫಿ ಮಾಡ್ಲಾ ಎಂದು ಕೇಳಿದಾಗ ಅತ್ತೆ, "ಅಯ್ಯೋ, ಈಗ್ತಾನೆ ಕುಡ್ಕೊಂಡ್ ಬಂದ್ವಪ್ಪ," ಎಂದು ಆಗಲೇ ಚಪ್ಪಲಿ ಹುಡುಕುತ್ತಿದ್ದಳು. ಈ ಮನೆಯಲ್ಲಿ ಏನನ್ನೂ ನುಂಗಲಾರರು. ಅವರ ಮೇಲೆ ಉಕ್ಕಿದ ಹೇಸಿಗೆ ಅವರು ಬೀದಿ ತಿರುವು ದಾಟುವ ಮೊದಲೇ ಹಿಂತಿರುಗಿ ಇವನ ಮೇಲೆ ಬಿತ್ತು. ಅವನು ಕೂಡ ಮೂರು ತಿಂಗಳಿಂದ ಬೆಳಗಿನ ತಿಂಡಿಯನ್ನು ಮಾರುಕಟ್ಟೆಯ ಎದುರಿನ ಹೋಟೆಲಿನಲ್ಲೇ ತಿನ್ನುತ್ತಿದ್ದ. ಕೆಲಸ ಜಾಸ್ತಿ, ಬೇಗ ಹೋಗಬೇಕು ಎಂದು ಸೌಜನ್ಯಳಿಗೆ ಹೇಳಿದ್ದ. ಅವಳು ನಂಬಿದ್ದಳೋ, ನಂಬಿದ ಹಾಗೆ ಮಾಡಿದ್ದಳೋ.

ಹನ್ನೊಂದಕ್ಕೆ ಸರಿಯಾಗಿ ಕವಿತಳ ಸ್ಕೂಟರು ಬಂತು. ಕೊನೆಯ ಹಂತದ ರೋಗಿಗಳನ್ನು ಮನೆಮನೆಗೆ ಹೋಗಿ ನೋಡುವ ತಂಡದ ನರ್ಸು. ಪ್ರತಿ ಗುರುವಾರ ಬರುತ್ತಿದ್ದಳು, ಮೂವತ್ತು ಮೂವತ್ತೆರಡರ ಹೆಂಗಸು. ಕೋಣೆಗೆ ಹೋದವಳು ಮಂಚದ ಕಂಬಿಯ ಕಡೆ ನೋಡಿದಳು. ಹೋದ ವಾರ ಪೈಪಿರಲಿಲ್ಲ, ಪಟ್ಟಿಗಳಿರಲಿಲ್ಲ. "ಯಾರಣ್ಣ ಕೈ ಕಟ್ಟಿದ್ದು?" ಎಂದಳು. "ನರ್ಸಿಂಗ್ ಹೋಮಲ್ಲಿ ಹೇಳಿದ್ರು," ಎಂದ. "ಹೇಳಿದೋರು ಯಾರು ಅಂತಲ್ಲ ಕೇಳಿದ್ದು," ಎಂದು ಅವಳು ಕೈಗವಸು ಹಾಕಿಕೊಂಡಳು. "ಅಕ್ಕ ಇಲ್ವಾ ಇವತ್ತು? ಹಂಗಾದ್ರೆ ನೀವು ಬನ್ನಿ. ಟಾರ್ಚು ಹಿಡ್ಕೊಳ್ಳಿ ಸಾಕು." ಇಲ್ಲವೆನ್ನಲು ಏನಾದರೂ ಕಾರಣ ಬೇಕಿತ್ತು. ಸಿಗಲಿಲ್ಲ. ಟಾರ್ಚು ಹಿಡಿದು ಮಂಚದ ಪಕ್ಕ ನಿಂತ. ಕವಿತ ಮೆತ್ತೆಯನ್ನು ನೀರಿನಿಂದ ನೆನೆಸಿ ನೆನೆಸಿ ಬಿಡಿಸಿದಳು. ಅವನು ಮೊದಲ ಸಲ ನೋಡಿದ. ಕೆನ್ನೆಯಲ್ಲಿ ಮೂರು ಬೆರಳು ಹೋಗುವಷ್ಟು ಬಾಯಿ ತೆರೆದಿತ್ತು, ಒಳಗೆ ಹಲ್ಲುಗಳು ಪಕ್ಕದಿಂದ ಕಾಣುತ್ತಿದ್ದವು, ಅಂಚಿನ ಮಾಂಸ ಬೂದು ಬಣ್ಣಕ್ಕೆ ತಿರುಗಿತ್ತು. ಈ ಕೆನ್ನೆಯೊಳಗೇ ಎಲೆ ಅಡಿಕೆ ಹೊಗೆಸೊಪ್ಪು ಉಂಡೆಯಾಗಿ ಕೂತಿರುತ್ತಿತ್ತು. ಅದನ್ನು ಒತ್ತರಿಸಿಕೊಂಡೇ ಅಮ್ಮ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು, ಬೈಯುತ್ತಿದ್ದಳು, ನಗುತ್ತಿದ್ದಳು. ಟಾರ್ಚಿನ ಬೆಳಕಿನಲ್ಲಿ ಏನೋ ಬೆಳ್ಳಗೆ ಅಲುಗಿತು.

"ಹುಳ ಬಿದ್ದಿದೆ," ಎಂದಳು ಕವಿತ ಮೆಲ್ಲಗೆ. "ಗಾಬರಿ ಬೀಳ್ಬೇಡಿ. ನೊಣ ಕೂತಿರ್ತದೆ. ತೆಗೆದುಬಿಡಣ." ಟರ್ಪೆಂಟೈನಿನಲ್ಲಿ ಅದ್ದಿದ ಬಟ್ಟೆಯನ್ನು ಗಾಯದ ಹತ್ತಿರ ಹಿಡಿದಳು. ಅವು ಒಂದೊಂದಾಗಿ ಹೊರಗೆ ತಲೆ ಹಾಕಿದವು. ಒಂದು, ಎರಡು. ಹುಳುವಿನ ಮನೆಯಲ್ಲಿ ಹುಟ್ಟಿದವನು ಅವನು. ಇದೇ ಮನೆಯ ನಡುಕೋಣೆಯಲ್ಲಿ ತಟ್ಟೆಗಳ ನಡುವೆ ಚಾಪೆ ಹಾಸಿ ಮಲಗಿ, ಸಾವಿರಾರು ಹುಳು ಸೊಪ್ಪು ತಿನ್ನುವ ಜರಜರ ಸದ್ದಿಗೆ ನಿದ್ದೆ ಹೋಗುತ್ತಿದ್ದ. ಅಮ್ಮ ಒಂದನ್ನು ಎತ್ತಿ ಅಂಗೈ ಮೇಲಿಟ್ಟು, ಕಚ್ಚಲ್ಲ ಕಣೋ, ನಮ್ಮ ಲಕ್ಷ್ಮಿ ಇದು ಎನ್ನುತ್ತಿದ್ದಳು, ಅದು ತಣ್ಣಗೆ ಮೆತ್ತಗೆ ಅಂಗೈಯಲ್ಲಿ ಹರಿದಾಡುತ್ತಿತ್ತು. ಮೂರು, ನಾಲ್ಕು. ಟಾರ್ಚು ಕೈಯಿಂದ ಜಾರಿತು. ಬಚ್ಚಲಿಗೆ ಓಡಿ ಕುಕ್ಕರಗಾಲಿನಲ್ಲಿ ಕೂತು ವಾಂತಿ ಮಾಡಿಕೊಂಡ, ಹೊಟ್ಟೆಯಲ್ಲಿ ಏನೂ ಇಲ್ಲದೆ ಬರೀ ಹುಳಿನೀರು ಬರುವವರೆಗೆ. ಗೋಡೆ ತೆಳ್ಳಗಿತ್ತು. ಸದ್ದು ಕೋಣೆಗೆ ಕೇಳಿಸುತ್ತದೆಂದು ಗೊತ್ತಿದ್ದೂ ತಡೆಯಲಾಗಲಿಲ್ಲ.

ಬಾಯಿ ಒರೆಸಿಕೊಂಡು ಬಂದಾಗ ಅಮ್ಮ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದಳು. ಕಟ್ಟಿದ ಕೈಯ ಬೆರಳುಗಳು ಸೆರಗಿನ ಕಡೆಗೆ ಚಾಚಿ ಚಾಚಿ ಸೋಲುತ್ತಿದ್ದವು. ಆ ಬೆರಳುಗಳಿಗೆ ಏನು ಬೇಕಾಗಿದೆಯೆಂದು ಅವನಿಗೆ ಥಟ್ಟನೆ ಹೊಳೆಯಿತು. ಮಗ ಹೇಸಿಕೊಂಡದ್ದು ಕೇಳಿಸಿತ್ತು, ಕೆನ್ನೆ ಮುಚ್ಚಿಕೊಳ್ಳಬೇಕಿತ್ತು. ಅದಕ್ಕೂ ಕೈ ಇರಲಿಲ್ಲ.

"ನೋವಿನ ಬಿಳಿ ಮಾತ್ರೆ ಸರಿಯಾಗಿ ಕೊಡ್ತಿದೀರಾ?" ಎಂದಳು ಕವಿತ. ಕೊಡುತ್ತಿದ್ದೇವೆ ಎಂದ. "ಮಾತ್ರೆ ಪಟ್ಟಿ ತೋರ್ಸಿ." ಬೀರುವಿನಿಂದ ತಂದುಕೊಟ್ಟ. ನಾಲ್ಕು ಗಂಟೆಗೊಂದರಂತೆ ಇಷ್ಟರಲ್ಲಿ ಮುಗಿಯಬೇಕಾದ ಮಾತ್ರೆಗಳು ಹೆಚ್ಚುಕಮ್ಮಿ ಹಾಗೇ ಇದ್ದವು. ಅದು ಮತ್ತಿನ ಮಾತ್ರೆ, ಕೊಟ್ಟರೆ ಬೇಗ ಹೋಗಿಬಿಡುತ್ತಾಳೆ ಎಂದಿದ್ದ ಅಣ್ಣ. ರಾತ್ರಿ ಮಾತ್ರ ಅರ್ಧ ಕೊಟ್ಟರೆ ಸಾಕೆಂದು ಸೌಜನ್ಯಳಿಗೆ ಹೇಳಿ ಇವನೇ ಬೀರುವಿಗೆ ಬೀಗ ಹಾಕಿದ್ದ. ಕವಿತ ಬೈಯುತ್ತಾಳೆಂದು ಕಾದ. ಅವಳು ಪಟ್ಟಿಯನ್ನು ಮಡಿಸಿ ಅವನ ಕೈಗೇ ಕೊಟ್ಟು, "ಹಲ್ಲುನೋವು ಬಂದಾಗ ನೀವು ಅರ್ಧ ಮಾತ್ರೆ ತಗೊಂಡು ರಾತ್ರಿ ತನಕ ಕಾಯ್ತೀರಾ ಅಣ್ಣ?" ಎಂದಳು ಅಷ್ಟೆ. ಆಮೇಲೆ ಮಂಚದ ಮೇಲೆ ಕೂತು, ಅಮ್ಮನ ಹಣೆಯ ಕೂದಲು ಸರಿಸಿ, "ಅಕ್ಕಯ್ಯಮ್ಮ, ಏನೋ ಹೇಳ್ತಿದೀರಲ್ಲ, ಇನ್ನೊಂದ್ಸಲ ಹೇಳಿ," ಎಂದಳು. "ಇಚ್ಚು." "ತಿಳೀಲಿಲ್ಲಮ್ಮ." "ಇಚ್ಚು, ಇಚ್ಚು." ಕವಿತ ಇವನ ಕಡೆ ನೋಡಿದಳು. ನೀರು ಎಂಬ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು.

"ಬಿಚ್ಚು," ಎಂದ ಮುರಳಿ. "ಬಿಚ್ಚು ಅಂತಿದಾಳೆ. ಕೈ ಬಿಚ್ಚು ಅಂತ. ತುಟಿ ಸೇರಲ್ಲ, ಅದಕ್ಕೇ 'ಬಿ' ಬರಲ್ಲ." ತನ್ನ ದನಿ ತನಗೇ ಕಚೇರಿಯಲ್ಲಿ ವಿವರಣೆ ಕೊಡುವವನದಂತೆ ಕೇಳಿಸಿತು. "ಮೊದಲ ದಿನದಿಂದ ಗೊತ್ತಿತ್ತು ನಂಗೆ."

ಅಮ್ಮ ಗೋಡೆಯಿಂದ ಈಚೆಗೆ ತಿರುಗಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನು ಅದನ್ನು ಹೊತ್ತುಕೊಂಡಿರುತ್ತಿದ್ದ. ಅವಳಿಗೂ ಮೊದಲಿನಿಂದ ಗೊತ್ತಿತ್ತು, ಅಷ್ಟೆ. ಮಗನಿಗೆ ತಿಳಿದಿದೆಯೆಂದು ತಿಳಿದೇ ಅವಳು ಐದು ದಿನ ಅದೇ ಮಾತು ಕೇಳಿದ್ದಳು, ಅವನು ಐದು ದಿನ ನೀರು ಹೊಯ್ದಿದ್ದ.

ಗಂಟು ಬಿಗಿದುಕೊಂಡಿತ್ತು. ಉಗುರಿಗೆ ಬಗ್ಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದ. ಆ ಬಟ್ಟೆಯಲ್ಲಿ ಅದೇ ವಾಸನೆ, ಜೊಲ್ಲು, ಗಂಜಿ, ಕೀವು. ಎರಡೂ ಕೈ ಬಿಚ್ಚಿದಾಗ ಮಣಿಕಟ್ಟಿನ ಸುತ್ತ ಚರ್ಮ ಕಿತ್ತು ಕೆಂಪಗಾಗಿತ್ತು. ಅಮ್ಮನ ಬಲಗೈ ಮೇಲೆದ್ದು ಮೂಗಿನ ಪೈಪಿನ ಹತ್ತಿರ ಹೋಯಿತು. ಕವಿತ ಆ ಕೈಯನ್ನು ಮೆತ್ತಗೆ ಹಿಡಿದಳು. "ಒಂದು ನಿಮಿಷ ತಡೀರಮ್ಮ. ನಾನು ಕೇಳ್ತೀನಿ, ನೀವು ಹೇಳ್ಬೇಕು. ಈ ಪೈಪು ಬೇಡ್ವಾ? ತೆಗೆದ್ರೆ ಗಂಜಿ ಹೋಗಲ್ಲ. ಬಾಯಿಗೆ ಚೂರು ಚೂರು ಏನಿಳೀತದೋ ಅಷ್ಟೇ. ಗೊತ್ತಾಯ್ತಾ? ಬೇಡ ಅಂದ್ರೆ ಕೈ ಒತ್ತಿ." ಅಮ್ಮ ಒತ್ತಿದಳು. ಬಿಡದೆ ಒತ್ತಿಹಿಡಿದಳು. ಎಂಟು ತಿಂಗಳಲ್ಲಿ ಬೆಂಗಳೂರು, ಚಿಕ್ಕಬಳ್ಳಾಪುರ, ಅಣ್ಣ, ಮಾಮ, ತಾನು, ಎಷ್ಟು ಜನ ಎಷ್ಟು ಮಾತಾಡಿದ್ದರು! ಈ ಒಂದು ಪ್ರಶ್ನೆಯನ್ನು ಇವಳನ್ನೇ ಕೇಳಬಹುದೆಂದು ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಮುರಳಿಗೆ ಆಶ್ಚರ್ಯವಾಯಿತು. ಆಶ್ಚರ್ಯವೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆ ಎನ್ನಿಸಿ ಅಸಹ್ಯವಾಯಿತು. ಕವಿತ ತಂಡದ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಡಾಕ್ಟರು ಇವನೊಡನೆಯೂ ಮಾತಾಡಿ, ತೆಗೆಯಬಹುದು ಎಂದರು. ಕವಿತ ಎಳೆದ ಹಾಗೆ ಪೈಪು ಮೂಗಿನಿಂದ ಉದ್ದಕ್ಕೆ ಬರುತ್ತ ಹೋಯಿತು. ಮಾತ್ರೆಯನ್ನು ಪುಡಿ ಮಾಡಿ, ಚಮಚದ ತುದಿಯ ನೀರಲ್ಲಿ ಕಲಸಿ, ಒಳ್ಳೆಯ ಕಡೆಯ ದವಡೆಯೊಳಗೆ ಬಿಡುವುದನ್ನು ಕವಿತ ಅವನ ಕೈಯಲ್ಲೇ ಮಾಡಿಸಿದಳು. ಗಾಯಕ್ಕೆ ಉದುರಿಸುವ ಇನ್ನೊಂದು ಮಾತ್ರೆಯ ಪುಡಿ ತೋರಿಸಿ, "ದಿನಾ ಎರಡ್ಸಲ. ವಾಸನೆ ಕಮ್ಮಿಯಾಗ್ತದೆ. ಇದನ್ನ ಅಕ್ಕಂಗೆ ಹೋದ ತಿಂಗಳೇ ಹೇಳಿದ್ದೆ, ತರಿಸಿಕೊಡಿ ಅಂತ ನಿಮ್ಗೆ ಬರ್ಕೊಟ್ಟಿದ್ದೆ," ಎಂದಳು. ಬರೆದುಕೊಟ್ಟಿದ್ದಳು. ಆ ಚೀಟಿ ಇನ್ನೂ ಅವನ ಅಂಗಿಯ ಜೇಬಿನಲ್ಲೋ ಕಚೇರಿಯ ಮೇಜಿನಲ್ಲೋ ಇರಬೇಕು. ಒಂದು ಗಂಟೆಯೊಳಗೆ ಅಮ್ಮ ಹುಬ್ಬು ಸಡಿಲಿಸಿ ನಿದ್ದೆ ಹೋದಳು. ಆ ಹುಬ್ಬುಗಳು ಗಂಟಿಕ್ಕಿದ್ದವು ಎಂಬುದೇ ಅವನಿಗೆ ಈಗ, ಬಿಡಿಸಿಕೊಂಡಾಗ, ಗೊತ್ತಾಯಿತು.

ಅಣ್ಣನಿಗೆ ಅವನೇ ಫೋನು ಮಾಡಿ ತಿಳಿಸಿದ. ನಾಲ್ಕು ಗಂಟೆಗೆ ಕಾರು ಬಂತು, ಜೊತೆಗೆ ನರ್ಸಿಂಗ್ ಹೋಮಿನ ಒಬ್ಬ ಮನುಷ್ಯ, ಕೈಯಲ್ಲಿ ಹೊಸ ಪೈಪಿನ ಪೊಟ್ಟಣ. ಮೋಹನ್‌ಬಾಬು ಚಿಕ್ಕಬಳ್ಳಾಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವನು, ದೊಡ್ಡ ದನಿಯವನು. "ಬುದ್ಧಿ ಇದೆಯೇನೋ ನಿಂಗೆ? ಯಾವಳೋ ನರ್ಸು ಹೇಳಿದ್ಲಂತೆ, ಇವನು ಕಿತ್ತನಂತೆ. ಹೆತ್ತ ತಾಯೀನ ಉಪವಾಸ ಕೆಡವಿ ಸಾಯಿಸ್ತೀಯಾ?" "ನರ್ಸು ಹೇಳ್ಲಿಲ್ಲಣ್ಣ. ಅಮ್ಮ ಹೇಳಿದ್ಲು." "ಅಮ್ಮಂಗೆ ಮಾತೆಲ್ಲಿ ಬರ್ತದೋ!" "ಬರ್ತದೆ. ನಾವು ಕೇಳಿಸ್ಕೊಳ್ಳಲ್ಲ ಅಷ್ಟೆ." ಇಷ್ಟು ಹೇಳಿದ ಮೇಲೂ ಮುರಳಿಗೆ, ಐವತ್ತು ವರ್ಷದ ತನಗೆ ಅಣ್ಣನೆಂದರೆ ಇನ್ನೂ ಭಯವೆಂಬುದು ನಾಚಿಕೆಯಾಗಿ ಕಾಡಿತು. ಅಣ್ಣ ಅವನನ್ನು ಪಕ್ಕಕ್ಕೆ ಸರಿಸಿ ಕೋಣೆಗೆ ನಡೆದ. ಆ ಮನುಷ್ಯ ಹಿಂದೆ ಹೋದ. "ಕೈ ಹಿಡ್ಕೋಬೇಕಾಗ್ತದೆ ಸಾರ್," ಎಂದು ಪೊಟ್ಟಣ ಹರಿದ. ಆ ಸದ್ದಿಗೆ ಅಮ್ಮ ಕಣ್ಣು ಬಿಟ್ಟಳು. ಪೈಪನ್ನು ನೋಡಿದಳು, ದೊಡ್ಡ ಮಗನನ್ನು ನೋಡಿದಳು. ಎರಡೂ ಕೈಗಳನ್ನು ಹೊದಿಕೆಯ ಒಳಗಿಂದ ನಿಧಾನವಾಗಿ ತೆಗೆದು, ಎದೆಯ ಮೇಲೆ ಒಂದರ ಪಕ್ಕಕ್ಕೊಂದು ತಂದು, ಜೋಡಿಸಿ, ಅವನಿಗೆ ಮುಗಿದಳು.

"ಅಮ್ಮಾ, ಬೇಡ," ಎಂದ ಮೋಹನ್‌ಬಾಬು. ದೊಡ್ಡ ದನಿ ಎಲ್ಲಿಗೋ ಹೋಗಿತ್ತು. "ಮಕ್ಕಳಿಗೆ ಹಂಗೆ ಮುಗೀಬಾರ್ದಮ್ಮ. ಆಯಸ್ಸು ಹೋಗ್ತದೆ. ಕೈ ಇಳ್ಸು." ಅವಳು ಇಳಿಸಲಿಲ್ಲ. ಮಣಿಕಟ್ಟಿನ ಗಾಯ ಕಾಣುತ್ತಿತ್ತು. ಅಣ್ಣ ಆ ಕೈಗಳನ್ನು ಬಿಡಿಸಲು ಮುಂದೆ ಹೋಗಿ, ಮುಟ್ಟಲಾರದೆ ನಿಂತ. ನರ್ಸಿಂಗ್ ಹೋಮಿನವನು ಯಾರೂ ಹೇಳದೆಯೇ ಹೊರಗೆ ಹೋದ. ಅಣ್ಣನೂ ಸ್ವಲ್ಪ ಹೊತ್ತಿಗೆ ಬಂದು ಜಗಲಿಯಲ್ಲಿ ಕೂತು, ಮುಖ ಒರೆಸಿಕೊಂಡು, "ನಿನ್ನಿಷ್ಟ ಕಣೋ. ನಾಳೆ ಜನಕ್ಕೆ ನೀನೇ ಉತ್ತರ ಕೊಡು," ಎಂದು ಕಾರು ಹತ್ತಿದ. ಸಂಜೆ ಚಿಂತಾಮಣಿಯಿಂದ ಬಂದ ಸೌಜನ್ಯ, ಮುಡಿದ ಹೂವು ತೆಗೆಯದೆ ನೇರವಾಗಿ ಕೋಣೆಗೆ ಹೋದವಳು, ಅತ್ತೆಯ ಬಿಚ್ಚಿದ ಕೈಗಳನ್ನು ನೋಡಿ ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಅಮ್ಮ ಆಮೇಲೆ ಆರು ದಿನ ಇದ್ದಳು. ಆ ಆರು ದಿನವೂ ಮುರಳಿ ರಜೆ ಹಾಕಿ, ಬೆಳಿಗ್ಗೆ ಸಂಜೆ ಗಾಯ ತೊಳೆದ. ಅಸಹ್ಯ ಹೋಗುತ್ತದೆಂದು ಎಲ್ಲೋ ಒಂದು ನಂಬಿಕೆಯಿತ್ತು, ಹೋಗಲಿಲ್ಲ. ಪ್ರತಿ ಸಲವೂ ಹೊಟ್ಟೆ ತೊಳಸಿತು, ಪ್ರತಿ ಸಲವೂ ತೊಳೆದ. ಪುಡಿಯಿಂದ ವಾಸನೆ ಕಮ್ಮಿಯಾಯಿತು. ಮೂರನೆಯ ದಿನ ಅಮ್ಮ ಕಾಫಿ ಎಂಬಂತೆ ಏನೋ ಅಂದಳು, ಅವನು ಬೆರಳು ಅದ್ದಿ ನಾಲಿಗೆಗೆ ಸವರಿದ, ಅದು ಕೆನ್ನೆಯ ತೂತಿನಿಂದ ಸೋರಿ ಅವನ ಅಂಗೈಗೆ ಬಂತು. ಬುಧವಾರ ಮಧ್ಯಾಹ್ನ ಮೂರರ ಹೊತ್ತಿಗೆ, ಸೌಜನ್ಯ ಅಮ್ಮನ ತಲೆ ಬಾಚುತ್ತಿದ್ದಾಗ, ಸದ್ದಿಲ್ಲದೆ ಉಸಿರು ನಿಂತಿತು.

ಹನ್ನೊಂದನೆಯ ದಿನದ ತಿಥಿಗೆ ಕೋನಪ್ಪಮಾಮ ಬಂದಿದ್ದರು. ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ, ಸುತ್ತ ಕೂತವರಿಗೆಲ್ಲ ಕೇಳುವಂತೆ, "ಮಗ ಅಂದ್ರೆ ಇವನಪ್ಪ. ಹುಳ ಬಿದ್ದ ಗಾಯಾನ ಕೈಯಾರೆ ತೊಳ್ದವ್ನೆ. ಯಾರ್ ಮಾಡ್ತಾರೆ ಈ ಕಾಲ್ದಲ್ಲಿ!" ಎಂದರು. ನಾಲ್ಕಾರು ತಲೆಗಳು ಹೌದೆಂದು ಆಡಿದವು. ಸೌಜನ್ಯ ಮಜ್ಜಿಗೆಯ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮುರಳಿ ಅವಳ ಕಡೆ ನೋಡಿದ. "ಆರು ದಿನ ಮಾಮ," ಎಂದ. "ನಾನು ಮಾಡಿದ್ದು ಆರೇ ದಿನ. ಎಂಟು ತಿಂಗಳು ಮಾಡಿದ್ದು ಇವಳು. ಕೈ ಕಟ್ಟಿ ಹಾಕಿದೋನು ನಾನು." ಮಾಮ ಒಂದು ಕ್ಷಣ ಅವನನ್ನು ನೋಡಿ, ತೊಡೆ ತಟ್ಟಿ, ಕಣ್ಣಲ್ಲಿ ನೀರು ತಂದುಕೊಂಡು, "ನೋಡ್ರಪ್ಪ, ನೋಡ್ರಿ! ಇದೇ ದೊಡ್ಡತನ ಅನ್ನೋದು," ಎಂದರು. ತಲೆಗಳು ಇನ್ನೂ ಜೋರಾಗಿ ಆಡಿದವು. ಸೌಜನ್ಯ ಒಂದೊಂದೇ ಲೋಟ ಎಲ್ಲರ ಕೈಗೆ ಕೊಟ್ಟು, ಇವನಿಗೂ ಒಂದು ಕೊಟ್ಟು, ಖಾಲಿ ತಟ್ಟೆ ಹಿಡಿದು ಒಳಗೆ ಹೋದಳು. ಮುರಳಿ ಲೋಟ ಹಿಡಿದು ಕೂತ. ಮಾಮ ಹೀಗೇ ಹೊಗಳುತ್ತಾರೆಂದು ತಾನು ಬಾಯಿ ತೆರೆಯುವ ಮುಂಚೆಯೇ ತನಗೆ ಗೊತ್ತಿತ್ತೆಂಬುದು ಅವನಿಗೆ ಆಗ ತಿಳಿಯಿತು.